ಕರ್ತೃಪದವಿಲ್ಲದ ಚೀಟಿ

ನಮ್ಮ ರಿಪೇರಿ ಅಂಗಡಿಯಲ್ಲಿ ಮಾತಿಗಿಂತ ಚೀಟಿ ಹೆಚ್ಚು. ಬೆಸುಗೆಯ ಹೊಗೆ ಎಳೆಯುವ ಫ್ಯಾನು ಬೆಳಗ್ಗೆ ಶುರುವಾಯಿತೆಂದರೆ ಪಕ್ಕದಲ್ಲಿ ಕೂತವರ ದನಿಯೂ ತಲುಪುವುದಿಲ್ಲ. ಮಾವ, ಅಂದರೆ ನನ್ನ ಅಮ್ಮನ ತಮ್ಮ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಮತ್ತೆ ತಲೆ ಎತ್ತುವುದಿಲ್ಲ. ಹಾಗಾಗಿ ಹೇಳಬೇಕಾದ್ದನ್ನು ಒಂದೆರಡು ಪದದಲ್ಲಿ ಬರೆದು ಅವನ ಮೊಣಕೈ ಪಕ್ಕ ಅಂಟಿಸುತ್ತೇನೆ. ‘ಡಯೋಡ್ ಸತ್ತಿದೆ.’ ‘ಊಟ.’ ‘ಅಮ್ಮನ ಫೋನು.’

ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಮಾವ ನನ್ನನ್ನು ಕರೆಯುವುದೇ ಡಿಗ್ರಿ ಎಂದು. ಈ ಚೀಟಿಯ ಪದ್ಧತಿ ನನಗೆ ಒಗ್ಗಿಹೋಗಿದೆ. ಒಂದು ಪದ ಸಾಕಾದಲ್ಲಿ ಎರಡು ಬಳಸುವುದು ದುಂದು ಎಂದು ಮೊದಲಿನಿಂದಲೂ ಅನಿಸುತ್ತದೆ. ಅಮ್ಮನಿಗೆ ಮಾತ್ರ ಇದೇ ಚಿಂತೆ. ಮೊದಲೇ ಮೂಗಿ, ಈಗ ಮೂಗರ ಸಂತೆಗೇ ಸೇರಿಕೊಂಡಳು ಎನ್ನುತ್ತಾಳೆ.

ಅವತ್ತು ಬೆಳಗ್ಗೆ ಬಾಗಿಲು ತೆರೆಯುವ ಮೊದಲೇ ವ್ಯಾಕರಣದ ಟೀಚರ್ ಹೊರಗೆ ನಿಂತಿದ್ದರು. ಎಂಟನೇ ತರಗತಿಯಲ್ಲಿ ನನಗೆ ಕಲಿಸಿದವರು. ಎದೆಗವಚಿಕೊಂಡ ಸ್ಪೀಕರ್ ಪೆಟ್ಟಿಗೆ, ಕೈಯಲ್ಲೊಂದು ಪುಟ್ಟ ಸ್ಲೇಟು. ನಾನು ಏನಾಯಿತು ಎನ್ನುವಷ್ಟರಲ್ಲಿ ಅವರು ಸ್ಲೇಟು ತಿರುಗಿಸಿದರು. ಮೊದಲೇ ಬರೆದು ತಂದಿದ್ದರು: ‘ನನ್ನ ಗಂಟಲು ಕೆಟ್ಟಿದೆ. ಇಂದು ನಾಲ್ಕು ಗಂಟೆಗೆ ಮಕ್ಕಳ ನಾಟಕವಿದೆ. ನನ್ನ ಸ್ಪೀಕರೂ ಸತ್ತಿದೆ.’ ಪೂರ್ಣವಿರಾಮಗಳೂ ಇದ್ದವು.

ಉಳಿದದ್ದನ್ನು ಬರೆದು, ಒರೆಸಿ, ಮತ್ತೆ ಬರೆದು ತಿಳಿಸಿದರು. ದನಿ ಎತ್ತಿದರೆ ಗಂಟಲು ಖಾಯಮ್ಮಾಗಿ ಹೋಗುತ್ತದೆಂದು ಡಾಕ್ಟರು ಹೆದರಿಸಿದ್ದಾರೆ. ಸಂಜೆ ಮೈಕಿನಲ್ಲಿ ಮೆಲ್ಲಗೆ ಮಾತಾಡಬಹುದು, ಅಷ್ಟೇ. ನಾಟಕದ ಕಥೆ ಹೇಳುವವರು ಅವರೇ. ಮೂರು ತಿಂಗಳ ತಾಲೀಮು ಆಗಿದೆ. ಸ್ಪೀಕರ್ ಇಲ್ಲದಿದ್ದರೆ ಹೆಡ್‌ಮಾಸ್ಟರು ಓದುತ್ತೇನೆಂದು ಆಗಲೇ ಕನ್ನಡಕ ಒರೆಸುತ್ತಿದ್ದಾರಂತೆ. ಮಕ್ಕಳು ಅವರಿಗೆ ಜೋಗುಳ ಸರ್ ಎಂದು ಹೆಸರಿಟ್ಟಿರುವುದು ಯಾಕೆಂದು ಟೀಚರ್ ಬರೆಯಲಿಲ್ಲ. ನಾನೂ ಆ ಶಾಲೆಯಲ್ಲಿ ಓದಿದವಳೇ.

ಪೆಟ್ಟಿಗೆ ಬಿಚ್ಚಿದೆ. ಒಳಗಿನ ಬ್ಯಾಟರಿ ಎಂದೋ ಸತ್ತು, ಸ್ಪೀಕರು ನೇರ ಚಾರ್ಜರಿನಿಂದಲೇ ನಡೆಯುತ್ತಿತ್ತು. ಚಾರ್ಜರಿನ ವೈರು ಸೇರುವ ಸಣ್ಣ ಬಾಯಿಯಲ್ಲಿ ಸ್ಟೇಪ್ಲರ್ ಪಿನ್ನಿನ ಮುರಿದ ತುಂಡೊಂದು ಅಡ್ಡ ಸಿಕ್ಕಿಕೊಂಡು ಕಪ್ಪಾಗಿತ್ತು. ಚಿಮುಟದಲ್ಲಿ ಹಿಡಿದು ತೋರಿಸಿದಾಗ ಟೀಚರ್ ತಮ್ಮ ಚೀಲದಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೋಡಿ ನಾಲಿಗೆ ಕಚ್ಚಿಕೊಂಡರು.

ಮೀಟರಿನ ಕಡ್ಡಿಗಳನ್ನು ವಿದ್ಯುತ್ ಬರುವ ದಾರಿಗೂ ಅರ್ತಿಂಗ್ ದಾರಿಗೂ ಇಟ್ಟೆ. ಕುಂಯ್ ಎಂದಿತು. ಶಾರ್ಟು ಇನ್ನೂ ಒಳಗೇ ಇತ್ತು. ಬೋರ್ಡಿನ ಮೇಲೆ ಸ್ಪಿರಿಟ್ ಸವರಿ, ಒಂದೇ ಒಂದು ವೋಲ್ಟ್ ಹರಿಸಿ ಕಾದೆ. ಈ ಕಾಯುವಿಕೆ ನನಗೆ ತುಂಬ ಇಷ್ಟ. ಎಲ್ಲ ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಒಂದು ಜಾಗ ಮಾತ್ರ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಕಾದು ಬಿಸಿಯಾದದ್ದೇ ಕಳ್ಳ. ಅವತ್ತು ಒಣಗಿದ್ದು ಬಾಯಿಯ ಪಕ್ಕದಲ್ಲಿದ್ದ, ಎಳ್ಳಿನಷ್ಟು ಕಪ್ಪಗಿನ ಕಾವಲು ಡಯೋಡ್. ಬೋರ್ಡನ್ನು ಉಳಿಸಲು ತಾನು ಸುಟ್ಟುಕೊಂಡಿತ್ತು. ಹೊಸದನ್ನು ಹಾಕಿದೆ. ಮೀಟರು ಸುಮ್ಮನಾಯಿತು.

ಆದರೆ ಸ್ಪೀಕರೂ ಸುಮ್ಮನೇ ಇತ್ತು. ಈಗಿನ ಫೋನುಗಳಿಗೆ ಬರುವ ಈ ಟೈಪ್-ಸಿ ಬಗೆಯ ಚಾರ್ಜರು ಮೊದಲು ಬರೀ ಐದು ವೋಲ್ಟ್ ಕೊಟ್ಟು ಕಾಯುತ್ತದೆ. ಎದುರಿನ ಬೋರ್ಡು ಒಂದು ಸಣ್ಣ ತಂತಿಯ ಮೂಲಕ, ನನಗೆ ಇಪ್ಪತ್ತು ಬೇಕು, ಎಂದು ಕೇಳಬೇಕು. ಕೇಳಿದರೆ ಕೊಡುತ್ತದೆ, ಕೇಳದಿದ್ದರೆ ಐದರಲ್ಲೇ ನಿಲ್ಲುತ್ತದೆ. ಮೀಟರು ಐದು ತೋರಿಸುತ್ತ ಕೂತಿತ್ತು. ಪಿನ್ನು ಅಡ್ಡ ಬಿದ್ದಿದ್ದ ಕಡೆ ಆ ಕೇಳುವ ತಂತಿ ಸೇರುವ ಚಿಪ್ಪಿನ ಕಾಲನ್ನು ಅಳೆದೆ. ಸೊನ್ನೆಯ ಹತ್ತಿರ. ಕೇಳುವ ಚಿಪ್ಪಿಗೇ ಏಟು ಬಿದ್ದಿತ್ತು.

ಚೀಟಿ ಬರೆದು ಮಾವನ ಮೊಣಕೈ ಪಕ್ಕ ಅಂಟಿಸಿದೆ: ‘ಕೇಳುತ್ತಿಲ್ಲ.’ ಬೋರ್ಡನ್ನು ಅದರ ಪಕ್ಕದಲ್ಲಿಟ್ಟು ಚಿಪ್ಪು ಹುಡುಕಲು ಬಿಡಿಭಾಗಗಳ ಬೀದಿಗೆ ಹೊರಟೆ.

ಏಳು ಅಂಗಡಿ ಸುತ್ತಿದೆ. ಆ ನಂಬರಿನ ಚಿಪ್ಪು ಎಲ್ಲೂ ಇರಲಿಲ್ಲ. ಕೊನೆಯ ಅಂಗಡಿಯವನು ಹದಿನೈದು ದಿನ ಬಿಟ್ಟು ಬಾ ಎಂದ. ವಾಪಸು ಬರುವಾಗ ಎರಡು ಗಂಟೆ ದಾಟಿತ್ತು. ನಾಟಕಕ್ಕೆ ಎರಡು ಗಂಟೆಯೂ ಉಳಿದಿರಲಿಲ್ಲ.

ಅಂಗಡಿಯಲ್ಲಿ ಮಾವ ಬೆವರು ಒರೆಸಿಕೊಳ್ಳುತ್ತ, ಸೋಲೊಪ್ಪದ ಮುಖ ಮಾಡಿಕೊಂಡು ನಿಂತಿದ್ದ. ಸ್ಪೀಕರಿನ ಹಳೆಯ ಕಾಗದದ ಕೋನು ಬೆಂಚಿನ ಮೇಲಿತ್ತು. ಪೆಟ್ಟಿಗೆಯಲ್ಲಿ ಹೊಳೆಯುವ ಹೊಸದು ಕೂತಿತ್ತು. ಹಳೆಯದು ಚೆನ್ನಾಗಿಯೇ ಇತ್ತು.

ಇದನ್ನು ಯಾಕೆ ಬಿಚ್ಚಿದೆ ಎಂದು ಕೇಳಲು ಫ್ಯಾನು ಆರಿಸಬೇಕಾಯಿತು.

“ಕೇಳುತ್ತಿಲ್ಲ ಅಂತ ನೀನೇ ಬರ್ದಿದ್ಯಲ್ಲೇ ಡಿಗ್ರಿ. ಸ್ಪೀಕರ್ ಕೇಳ್ತಿಲ್ಲ ಅಂದ್ರೆ ಇನ್ನೇನು ಬಿಚ್ಚಲಿ, ನನ್ನ ಕಿವಿನಾ?”

ಹೊಸ ಕೋನಿನಲ್ಲೂ ಸದ್ದು ಬರುತ್ತಿಲ್ಲವಾದ್ದರಿಂದ ಅವನು ಆಂಪ್ಲಿಫೈಯರನ್ನೂ ಬಿಚ್ಚುವವನಿದ್ದನಂತೆ. ನಾನು ಬರೆದದ್ದು ಬೋರ್ಡು ಚಾರ್ಜರನ್ನು ಕೇಳುತ್ತಿಲ್ಲವೆಂದು. ಅವನು ಓದಿದ್ದು ಸದ್ದು ಕಿವಿಗೆ ಕೇಳುತ್ತಿಲ್ಲವೆಂದು. ಅವನ ಓದೂ ಸುಳ್ಳಾಗಿರಲಿಲ್ಲ. ನನ್ನ ಒಂದು ಪದದ ಜಿಪುಣತನಕ್ಕೆ ಮಾವನ ನಾಲ್ಕು ತಾಸು ಮಣ್ಣುಪಾಲಾಗಿತ್ತು.

ಟೀಚರ್ ಅಲ್ಲೇ ಮೂಲೆಯಲ್ಲಿ ಕೂತು ಪತ್ರಿಕೆ ತಿದ್ದುತ್ತಿದ್ದರು. ಎದ್ದು ಬಂದು ಚೀಟಿಯನ್ನು ಬೆಂಚಿನಿಂದ ಕಿತ್ತು ನೋಡಿದರು. ಅವರ ಭುಜ ಅಲುಗತೊಡಗಿತು. ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೆಂಪು ಪೆನ್ನು ತೆಗೆದು ನನ್ನ ಪದಕ್ಕೆ ಮೊದಲು ತುಂಬಲು ಎರಡು ಖಾಲಿ ಗೆರೆ ಎಳೆದು, ಕೆಳಗೆ ಬರೆದು, ನನ್ನ ಕೈಗೆ ಕೊಟ್ಟರು: ‘ಕರ್ತೃಪದ ಎಲ್ಲಿ? ಕರ್ಮಪದ ಎಲ್ಲಿ? ವಾಕ್ಯ ಪೂರ್ಣಗೊಳಿಸು. 0/2.’

ಎಂಟನೇ ತರಗತಿಯಲ್ಲೂ ನನ್ನ ಅರ್ಧ ವಾಕ್ಯಗಳಿಗೆ ಇದೇ ಸೊನ್ನೆ ಬೀಳುತ್ತಿತ್ತು. ಮಾವ ಇಣುಕಿ ನೋಡಿ, ಡಿಗ್ರಿ ವಾಪಸು ತಗೊಂಡ್ರಾ ಟೀಚರ್, ಎಂದ.

ಕೈ ತಾನಾಗಿ ಪೆನ್ನು ಹಿಡಿಯಿತು. ಮೊದಲ ಗೆರೆಯಲ್ಲಿ ‘ಬೋರ್ಡು’ ಎಂದು ಬರೆದೆ. ಅದು ಪೂರ್ತಿ ಸರಿಯೆನಿಸಲಿಲ್ಲ. ಬೋರ್ಡಿನಲ್ಲಿ ಕೇಳುವುದು ಯಾವುದು? ಚಿಪ್ಪು. ಚಿಪ್ಪಿನಲ್ಲಿ? ಕಾಲು. ಹೊಡೆದು ಹಾಕಿ, ನಕ್ಷೆಯಲ್ಲಿ ಅದಕ್ಕಿರುವ ಹೆಸರನ್ನೇ ಬರೆದೆ: ‘ಒಂದನೇ ಕಾಲು’. ಅಲ್ಲಿಗೆ ಪೆನ್ನು ನಿಂತಿತು.

ಒಂದನೆಯದು ಎಂದಮೇಲೆ ಎರಡನೆಯದೊಂದು ಇರಲೇಬೇಕು.

ಈ ಜಾತಿಯ ಪ್ಲಗ್ಗನ್ನು ಹೇಗೆ ತಿರುಗಿಸಿ ಚುಚ್ಚಿದರೂ ಕೂರುತ್ತದೆ. ಅದಕ್ಕಾಗಿಯೇ ಕೇಳುವ ಕಾಲನ್ನು ಎರಡು ಕೊಟ್ಟಿರುತ್ತಾರೆ, ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು. ನಾನು ಅಳೆದದ್ದು ಪಿನ್ನು ಬಿದ್ದಿದ್ದ ಕಡೆಯದನ್ನು ಮಾತ್ರ. ಮೀಟರ್ ಎತ್ತಿಕೊಂಡು ಇನ್ನೊಂದಕ್ಕೆ ಇಟ್ಟೆ. ಆರೋಗ್ಯವಂತ ಚಿಪ್ಪು ತೋರಿಸುವಷ್ಟೇ ತೋರಿಸಿತು.

ನಮ್ಮ ಬೆಂಚಿನ ಚಾರ್ಜರ್ ವೈರನ್ನು ಮಾವ ಕೆಳಗೆ ಬೀಳದಿರಲೆಂದು ಮರದ ತುಂಡಿಗೆ ಅಂಟಿಸಿದ್ದ. ಬೆಳಗಿನಿಂದ ಅದು ಒಂದೇ ಮಗ್ಗುಲಲ್ಲಿ ಚುಚ್ಚಿಕೊಳ್ಳುತ್ತಿತ್ತು. ಟೀಚರ್ ತಂದ ವೈರೂ ಪೆಟ್ಟಿಗೆಯ ಹಿಡಿಗೆ ದಾರದಲ್ಲಿ ಬಿಗಿದು, ಅದೇ ಮಗ್ಗುಲಿಗೇ ಕೂರುತ್ತಿತ್ತು. ದಾರ ಕತ್ತರಿಸಿ, ಪ್ಲಗ್ಗು ತಿರುವಿ ಹಾಕಿದೆ.

ಮೀಟರಿನಲ್ಲಿ ಐದು. ಮೂವರೂ ಅದರ ಮೇಲೆ ಬಗ್ಗಿದೆವು. ಆಮೇಲೆ ಇಪ್ಪತ್ತು.

ಪೆಟ್ಟಿಗೆಯೊಳಗಿಂದ ಟಪ್ ಎಂದು ಸದ್ದಾಯಿತು. ಮಾವ ಮೈಕಿಗೆ ಬಾಯಿಟ್ಟು ಕೆಮ್ಮಿದ. ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ.

“ನೋಡಿದ್ಯಾ ಹೊಸ ಕೋನು? ನನ್ನ ಕೆಲಸವೇನೂ ದಂಡ ಅಲ್ಲ ಬಿಡು,” ಎಂದ ಮಾವ.

ಇದು ಕುಂಟು ರಿಪೇರಿ, ಚಿಪ್ಪು ಬಂದಮೇಲೆ ಪೆಟ್ಟಿಗೆಯನ್ನು ಮತ್ತೆ ತರಲೇಬೇಕು, ಅಲ್ಲಿಯವರೆಗೆ ಪ್ಲಗ್ಗು ಹೀಗೇ ಇರಬೇಕು ಎಂದು ಟೀಚರಿಗೆ ಹೇಳಿದೆ. ಅವರು ಕೆಂಪು ಪೆನ್ನಿನಲ್ಲಿ ಪ್ಲಗ್ಗಿನ ಮೇಲ್ಮಗ್ಗುಲಿಗೆ ‘ಸರಿ’ ಗುರುತು ಹಾಕಿದರು. ತಿರುಗಿಸಿ, ಕೆಳಮಗ್ಗುಲಿಗೆ ‘ತಪ್ಪು’ ಗುರುತು.

ನಾಲ್ಕಕ್ಕೆ ನಾನೂ ಮಾವನೂ ಶಾಲೆಯ ಸಭಾಂಗಣದ ಕೊನೆಯ ಸಾಲಿನಲ್ಲಿದ್ದೆವು. ಮುಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು ಒರೆಸಿದ ಕನ್ನಡಕವನ್ನು ಜೇಬಿಗೆ ಸೇರಿಸುತ್ತಿದ್ದರು. ಪರದೆಯ ಹಿಂದೆ ಮಕ್ಕಳ ಕಾಲುಗಳು ತಳ್ಳಾಡುತ್ತಿದ್ದವು. ಟೀಚರ್ ಮೈಕಿನ ಮುಂದೆ ಕೂತು, ಹೆಚ್ಚುಕಮ್ಮಿ ಉಸಿರಿನಲ್ಲೇ ಕೇಳಿದರು, “ಹಿಂದೆ ಕೂತವರಿಗೆ ಕೇಳ್ತಿದೆಯಾ?”

ಇನ್ನೂರು ಜನ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿದ್ದವರು ನಾವಿಬ್ಬರೇ. ಮಾವ ನನ್ನ ಮೊಣಕೈ ತಿವಿದ. ಬೇರೆ ದಿನವಾಗಿದ್ದರೆ ತಲೆಯಾಡಿಸಿ ಮುಗಿಸುತ್ತಿದ್ದೆ.

ಎದ್ದು ನಿಂತೆ.

“ನಿಮ್ಮ ದನಿ ನಮಗೆ ಚೆನ್ನಾಗಿ ಕೇಳ್ತಿದೆ ಟೀಚರ್.”

ಅಷ್ಟು ದೂರದಿಂದಲೂ ಕಂಡಿತು, ಅವರು ಗಾಳಿಯಲ್ಲಿ ಬೆರಳಿನಿಂದ ಏನೋ ಬರೆದರು. ಮೇಲೆ ಎರಡು, ನಡುವೆ ಗೆರೆ, ಕೆಳಗೂ ಎರಡು.