ಸತ್ತೆವ್ವನ ಜವಳು

ಗೋಕಾಕದಿಂದ ಮೊದಲ ಬಸ್ಸು ಹಿಡಿದು ಕುಲಗೋಡದಲ್ಲಿಳಿದು, ಕಬ್ಬಿನ ಹೊಲಗಳ ಬದುವಿನ ಮೇಲೆ ಅರ್ಧ ತಾಸು ನಡೆದು ಬಂದ ಯಶೋಧರಾ ನೀರಿನಂಚಿಗೆ ನಿಂತು ಕಣ್ಣು ಮುಚ್ಚಿಕೊಂಡಳು. ಹದಿನೈದು ದಿನಗಳ ಹಿಂದೆ ನೆಟ್ಟಿದ್ದ ಹನ್ನೆರಡು ಗೂಟಗಳಲ್ಲಿ ಒಂಬತ್ತು ಕೆಸರಿನಲ್ಲಿ ಮಲಗಿದ್ದವು. ಹತ್ತನೆಯದರ ಮೇಲೆ ಎಮ್ಮೆ ಮಲಗಿತ್ತು.

"ಆಯೀ!" ಎಂದು ಕೂಗಿದಳು. "ಇದು ಮೂರನೇ ಸಲ ರೀ!"

ಬದುವಿನ ಮೇಲೆ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದ ಸತ್ತೆವ್ವ ತಲೆ ಎತ್ತಿದಳು. "ನಮ್ಮ ಹೊಲದಾಗ ನಮ್ಮ ಎಮ್ಮಿ ಕುಂತ್ರ ತಪ್ಪೇನ್ರಿ ಅಕ್ಕೋರ?"

ಹೊಲ ಸತ್ತೆವ್ವನದೇ. ಕಾಲುವೆಯ ನೀರು ಬಸಿದೂ ಬಸಿದೂ, ಕಬ್ಬು ಬೆಳೆಯುತ್ತಿದ್ದ ಎರಡು ಎಕರೆ ಹದಿನೈದು ವರ್ಷಗಳಿಂದ ಜವಳು ಹಿಡಿದಿತ್ತು. ಮೊಣಕಾಲುದ್ದ ನೀರು, ನೈದಿಲೆ, ಆಳೆತ್ತರದ ಆಪಿನ ಹುಲ್ಲು. ಕುಲಗೋಡದ ಹೈಸ್ಕೂಲಿಗೆ ವಿಜ್ಞಾನದ ಶಿಕ್ಷಕಿಯಾಗಿ ಬಂದ ಯಶೋಧರಾ ಒಮ್ಮೆ ಇದನ್ನು ನೋಡಿ ಅಲ್ಲೇ ಅಂಟಿಕೊಂಡಿದ್ದಳು. ಯಾವ ಕಾಲಕ್ಕೆ ಇಲ್ಲಿ ಏನು ಚಿಗುರುತ್ತದೆ, ಯಾವ ಹಕ್ಕಿ ಬರುತ್ತದೆ, ಯಾವುದು ಹೋಗುತ್ತದೆ ಎಂದು ಒಂದು ವರ್ಷ ಪೂರ್ತಿ ಬರೆದಿಡಬೇಕೆಂಬುದು ಅವಳ ಹಟ. ಗೂಟ ನೆಟ್ಟು ಚೌಕ ಮಾಡಿ, ಒಂದೊಂದು ಚೌಕದ ಗಿಡಗಳನ್ನು ಎಣಿಸುತ್ತಿದ್ದಳು. ಎಣಿಸಿ ಹೋದದ್ದನ್ನು ಮುಂದಿನ ಸಲ ಬರುವಷ್ಟರಲ್ಲಿ ಎಮ್ಮೆ ತಿಂದಿರುತ್ತಿತ್ತು.

ಶ್ರಾವಣದಲ್ಲಿ ಅವಳ ತಾಳ್ಮೆ ಮುಗಿಯಿತು. ಗೋಕಾಕದಿಂದ ತಂತಿಯ ಸುರುಳಿ ತಂದಳು. ಅರ್ಧ ಜವಳಿನ ಸುತ್ತ ಬೇಲಿ ಹಾಕಿಕೊಳ್ಳಲೇ ಎಂದು ಕೇಳಿದಳು.

"ಹಾಕ್ಕೋರಿ. ಆದ್ರ ಎಮ್ಮಿ ಬ್ಯಾಡಂದ್ರ ಅಲ್ಲಿ ಏನೂ ಉಳ್ಯಾಂಗಿಲ್ಲ" ಎಂದಳು ಸತ್ತೆವ್ವ.

ಎಮ್ಮೆ ಬಂದರಲ್ಲವೇ ಏನೂ ಉಳಿಯದಿರುವುದು! ಮುದುಕಿಗೆ ಉಲ್ಟಾ ಮಾತೇ ರೂಢಿ ಎಂದುಕೊಂಡು ಯಶೋಧರಾ ಬೇಲಿ ಬಿಗಿದಳು.

ಆ ಚಳಿಗಾಲ ಅವಳಿಗೆ ಹಬ್ಬದಂತಿತ್ತು. ದೂರದ ಸೀಮೆಯ ಬಾತುಗಳು ಇಳಿದವು. ಬೇಲಿಯೊಳಗೆ ಹುಲ್ಲು ಹಸಿರಾಗಿ, ದಟ್ಟವಾಗಿ ಎದ್ದಿತು. ಹೊರಗಿನ ಅರ್ಧ ಮಾತ್ರ ಗೊರಸು ತುಳಿದ ರಾಡಿ. ನೋಡಿದಾಗಲೆಲ್ಲ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಶಿವರಾತ್ರಿಯ ಹೊತ್ತಿಗೆ ಬೇಲಿಯೊಳಗೆ ನೀರೇ ಕಾಣದಾಯಿತು. ಆಪು ಒತ್ತೊತ್ತಾಗಿ ಬೆಳೆದು ನೈದಿಲೆಯನ್ನು ಮುಚ್ಚಿಹಾಕಿತ್ತು. ಯುಗಾದಿ ದಾಟಿತು. ಎರಡು ರವಿವಾರ ಒಂದೊಂದು ತಾಸು ಕುಳಿತರೂ ಒಳಗೊಂದು ಹಕ್ಕಿ ಇಳಿಯಲಿಲ್ಲ. ಬರೆಯಲು ಏನೂ ಇಲ್ಲದೆ ಅವಳು ಪೆನ್ನಿನ ತುದಿ ಕಚ್ಚುತ್ತ ಕುಳಿತಳು.

ಏಪ್ರಿಲ್ ಕೊನೆಗೆ ಬಂದಾಗ ಸತ್ತೆವ್ವನ ನಾಲ್ಕೂ ಎಮ್ಮೆಗಳನ್ನು ಬದುವಿನ ಮೇಲಿನ ಜಾಲಿಯ ಬುಡಕ್ಕೆ ಕಟ್ಟಿಹಾಕಿತ್ತು.

"ಇವತ್ತ್ಯಾಕ ಕಟ್ಟೀರಿ?"

"ಅಲ್ಲಿ ತತ್ತಿ ಅದಾವು" ಎಂದು ಸತ್ತೆವ್ವ ರಾಡಿಯ ಕಡೆ ಕೈ ಮಾಡಿದಳು. "ಮರಿ ಹೊರಗ ಬರೂತನಾ ಎಮ್ಮಿ ಬಿಡಾಂಗಿಲ್ಲ. ಪ್ರತಿ ವರ್ಷ ಹಿಂಗ."

ಆರಿದ ಕೆಸರಿನ ದಿಬ್ಬದ ಮೇಲೆ ಕರಿ ಚುಕ್ಕೆಯ ನಾಲ್ಕು ಮೊಟ್ಟೆ. ಆಚೆಗೊಂದು, ಇನ್ನೂ ಆಚೆಗೆ ಮತ್ತೊಂದು ಗೂಡು. ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿಗಳು ಅವಳ ತಲೆಯ ಮೇಲೆ ಕಿರುಚಿಕೊಂಡು ಸುತ್ತಿದವು. ಬಯಲಾದ ಕೆಸರಿಲ್ಲದೆ ಅವು ಗೂಡು ಕಟ್ಟುವುದಿಲ್ಲ. ಆ ಬಯಲನ್ನು ವರ್ಷವಿಡೀ ಮೇದು, ತುಳಿದು, ಹೊರಳಾಡಿ ಉಳಿಸಿದ್ದು ಎಮ್ಮೆಗಳು. ಅವಳು ಬೇಲಿ ಹಾಕಿ ಕಾಯ್ದ ಅರ್ಧದಲ್ಲಿ ಒಂದು ಗರಿಯೂ ಇರಲಿಲ್ಲ.

ಯಶೋಧರಾಗೆ ತನ್ನ ಮೇಲೆ ಬಂದ ಸಿಟ್ಟು ಮುದುಕಿಯ ಕಡೆ ತಿರುಗಿತು. "ಇಷ್ಟ್ ದಿನಾ ಯಾಕ ಹೇಳಲಿಲ್ರಿ?"

"ನೀವ್ ಕೇಳಿದ್ದು ಎಮ್ಮಿ ಯಾಕ ಬಂತು ಅಂತ. ಹಕ್ಕಿ ಎಲ್ಲಿ ತತ್ತಿ ಇಡ್ತೈತಿ ಅಂತ ಒಂದ್ ದಿನಾರ ಕೇಳೀರೇನು?"

ಕೇಳಿರಲಿಲ್ಲ.

ಅಂದೇ ತಂತಿ ಬಿಚ್ಚಿದಳು. ಅಂಗೈ ಎರಡು ಕಡೆ ಕೊಯ್ದುಕೊಂಡಿತು. ಮೂರು ವಾರಕ್ಕೆ ಮೊಟ್ಟೆಯೊಡೆದು ಮರಿಗಳು ಹೊರಬಿದ್ದವು. ಅವು ದಿಬ್ಬ ಬಿಟ್ಟು ಓಡಾಡತೊಡಗಿದ ಮೇಲೆ ಸತ್ತೆವ್ವ ಎಮ್ಮೆಗಳನ್ನು ಹೊಡೆದುಕೊಂಡು ಬಂದಳು. ಅವು ಆಪಿನ ಅಂಚಿಗೆ ಬಂದು ಮೂಸಿ, ತಿರುಗಿ ನಡೆದವು.

"ಏ, ಹೋಗ್ರೇ ಒಳಗ!" ಯಶೋಧರಾ ಒಂದರ ಬೆನ್ನಿಗೆ ಎರಡೂ ಕೈ ಕೊಟ್ಟು ನೂಕಿದಳು. ಅದು ಕದಲಲಿಲ್ಲ.

"ಬಲತ ಹುಲ್ಲು ಅವು ತಿನ್ನಾಂಗಿಲ್ರಿ. ಎಳೇದು ಬೇಕು. ಕೊಯ್ದ್ರ ಚಿಗೀತೈತಿ, ಆಮ್ಯಾಲ ಬರ್ತಾವು" ಎಂದ ಸತ್ತೆವ್ವ ಸೊಂಟದಿಂದ ಕುಡುಗೋಲು ತೆಗೆದು ಅವಳ ಕೈಗಿಟ್ಟಳು. ತಾನೂ ಇನ್ನೊಂದು ಹಿಡಿದು ನೀರಿಗಿಳಿದಳು.

ನಾಲ್ಕು ರವಿವಾರ ಇಬ್ಬರೂ ಕೊಯ್ದರು. ಯಶೋಧರಾಳ ಸೊಂಟ ಹಿಡಿಯಿತು, ಕಾಲಿಗೆ ಜಿಗಣೆ ಹತ್ತಿತು. ಕಾಲು ಭಾಗವೂ ಬಯಲಾಗಲಿಲ್ಲ. ಮೊದಲ ವಾರ ಕೊಯ್ದಲ್ಲಿ ಆಗಲೇ ಗೇಣುದ್ದ ಚಿಗುರು.

"ಇದು ಎಂದ ಮುಗೀತೈತ್ರಿ ಆಯೀ?" ಎಂದು ಅವಳು ಹೆಚ್ಚುಕಡಿಮೆ ಅತ್ತಳು.

"ಬುಧವಾರನೂ ಬರ್ರಿ. ಆಪು ರವಿವಾರ ನೋಡಿ ಬೆಳ್ಯಾಂಗಿಲ್ಲ."

ಯಶೋಧರಾ ಗೊಣಗುತ್ತಲೇ ಬುಧವಾರಕ್ಕೆ ಅರ್ಧ ದಿನದ ರಜೆ ಬರೆದುಕೊಟ್ಟಳು. ಅಂದು ಬಂದಾಗ ಎಮ್ಮೆಯೊಂದು ಎಳೆ ಚಿಗುರಿಗೆ ಬಾಯಿ ಹಾಕಿ ನಿಂತಿತ್ತು. ಅದರ ಕಾಲ ಬುಡದಲ್ಲಿ, ಹೊಸದಾಗಿ ಬಯಲಾದ ನೀರಿನಲ್ಲಿ, ಒಂದು ಬೆಳ್ಳಕ್ಕಿ ಮೀನು ಹುಡುಕುತ್ತಿತ್ತು.