ಸ್ಟಿಯರಿಂಗ್ ಮೇಲಿನ ಕೈ

"ನೀರು ಕೊಡ್ಲಾ ಅಮ್ಮಾ, ವೈನ್ ಕೊಡ್ಲಾ? ಎರಡು ಸಲ ಕೇಳಿದೆ, ನಿಮ್ಮ ಜ್ಞಾನ ಎಲ್ಲೋ ಇದೆ."

ಆಗೆದಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ನಿಂತಿದ್ದ ಹೆಂಗಸಿನ ಮುಂಗೈಗೆ ಹಿಟ್ಟು ಮೆತ್ತಿತ್ತು. ಇವಳೇ ಲಿಯೊಕಾದಿಯಾ ಎಂದು ಯಾರೂ ಬೆರಳು ಮಾಡಿ ತೋರಿಸಬೇಕಾಗಿರಲಿಲ್ಲ. ಹಿಂದಿನ ಗೋಡೆಯ ಫೋಟೊದಲ್ಲಿ ನಗುತ್ತಿದ್ದ ಹುಡುಗಿಯ ಅಗಲ ಹಣೆ, ತುದಿಯಲ್ಲಿ ಸ್ವಲ್ಪ ಮೇಲೆದ್ದ ಮೂಗು, ಎಲ್ಲವೂ ಇವಳದ್ದೇ.

"ನೀರು ಸಾಕು."

"ಸಮುದ್ರದ ಕಡೆಯವರಲ್ವಾ? ಬಾಯಿ ಬಿಟ್ಟ ಕೂಡಲೇ ಗೊತ್ತಾಗುತ್ತೆ, ಪ್ರತಿ ಮಾತಿನ ಬಾಲ ನುಂಗಿಬಿಡ್ತೀರಿ ನೀವು." ಲಿಯೊಕಾದಿಯಾ ನಗಲಿಲ್ಲ. ಆದರೆ ದನಿಯಲ್ಲಿ ಬಂದವರನ್ನು ಆದರಿಸುವ ಅಭ್ಯಾಸವಿತ್ತು. "ತಿನ್ನಿ, ಆರಿಹೋಗುತ್ತೆ. ಬೆಟ್ಟ ಹತ್ತಿ ಬಂದು ಬರೀ ನೀರು ಕುಡಿದು ಹೋದ್ರೆ ನಮ್ಮೂರಿಗೆ ಅವಮಾನ."

ತಟ್ಟೆಯಲ್ಲಿ ಬೆಳ್ಳುಳ್ಳಿಯ ಜೊತೆ ಹುರಿದ ರೊಟ್ಟಿಪುಡಿಯಿತ್ತು, ಮೇಲೆ ಎರಡು ಹಸಿರು ಮೆಣಸಿನಕಾಯಿ. ಆಗೆದಾ ಒಂದು ಚಮಚ ಬಾಯಿಗಿಟ್ಟಳು. ಆಮೇಲೆ ಚಮಚ ಕೆಳಗಿಟ್ಟಳು.

ಬೆಳಗ್ಗೆ ಮೋತ್ರಿಲ್ ಬಂದರಿನಿಂದ ಹೊರಟ ಬಸ್ಸಿನಲ್ಲಿ ಅವಳ ಜೊತೆ ಹದಿನಾಲ್ಕು ಮಂದಿ ಪ್ರವಾಸಿಗರು ಬಂದಿದ್ದರು. ನಿನ್ನೆ ಕಡಲತೀರದ ಊರುಗಳನ್ನು ನೋಡಿ, ಇವತ್ತು ಬೆಟ್ಟದ ಮೂರು ಹಳ್ಳಿಗಳನ್ನು ನೋಡಿ, ಸಂಜೆ ಐದಕ್ಕೆ ಇಳಿದುಹೋಗುವವರು. ಈಗ ಈ ಹೋಟೆಲಿನ ಉದ್ದನೆಯ ಮೇಜಿನ ಸುತ್ತ ಕೂತು ಕಿಟಕಿಯಾಚೆಯ ಬಿಳಿ ಗೋಡೆಗಳನ್ನೂ ಚಪ್ಪಟೆ ಮಾಳಿಗೆಗಳನ್ನೂ ಫೋಟೊ ಹಿಡಿಯುತ್ತಿದ್ದರು. ಲಿಯೊಕಾದಿಯಾ ಆಗೆದಾಳನ್ನೂ ಅವರಲ್ಲೊಬ್ಬಳೆಂದು ತಿಳಿದಿದ್ದಳು. ಆ ತಪ್ಪುತಿಳಿವಳಿಕೆಯ ಒಳಗೆ ಆಗೆದಾ ಅರ್ಧ ಗಂಟೆಯಿಂದ ಅಡಗಿ ಕೂತಿದ್ದಳು.

ಕಟ್ಟೆಯ ಹಿಂದೆ ಕಸಿಮೀರೊ ಹಂದಿತೊಡೆ ಸೀಳುತ್ತಿದ್ದ. ಲಿಯೊಕಾದಿಯಾಳ ಗಂಡ, ದಪ್ಪ ಕತ್ತಿನ, ಮಾತು ಕಡಿಮೆಯ ಮನುಷ್ಯ. ಮೊಳದುದ್ದದ ತೆಳ್ಳನೆ ಚಾಕು ಹೋಗಿಬಂದಂತೆಲ್ಲ ಮಾಂಸದ ಎಸಳು ಕಾಗದದಂತೆ ಮಡಚಿಕೊಂಡು ಬೀಳುತ್ತಿತ್ತು. ಅಪಘಾತವಾದ ವಾರ ಅವನು ಮೋತ್ರಿಲ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಆ ಡ್ರೈವರ್ ಎದ್ದು ಓಡಾಡುವಂತಾಗಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದಿದ್ದನಂತೆ. ಆಗೆದಾ ಅದನ್ನು ನರ್ಸ್ ಬಾಯಲ್ಲಿ ಕೇಳಿದ್ದಳು. ಆ ಡ್ರೈವರ್ ಅವಳ ಮಗ ಹಿನೇಸ್.

ಪ್ರವಾಸಿಗರಲ್ಲಿ ಒಬ್ಬಾಕೆ, ಹುಲ್ಲಿನ ಟೋಪಿಯವಳು, ಗೋಡೆಯತ್ತ ನೋಡಿ ಕೇಳಿದಳು: "ಎಷ್ಟು ಚೆಂದದ ಹುಡುಗಿ! ಯಾರಿವಳು?"

ಚಾಕು ನಿಂತಿತು.

"ನನ್ನ ಮಗಳು. ನಿಯೇವೆಸ್," ಎಂದಳು ಲಿಯೊಕಾದಿಯಾ.

"ಊರಲ್ಲೇ ಇದ್ದಾಳಾ?"

"ಇಲ್ಲೇ ಇದ್ದಾಳೆ, ಮೇಲ್ಗಡೆ." ಇಗರ್ಜಿಯ ಹಿಂದಿನ ಸ್ಮಶಾನದತ್ತ ಅವಳು ಗದ್ದ ಎತ್ತಿದ್ದು ಟೋಪಿಯವಳಿಗೆ ಅರ್ಥವಾಗಲಿಲ್ಲ. ಕಸಿಮೀರೊ ಫೋಟೊದ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಗಳಿಗೆ ಬಿಟ್ಟು ಚಾಕು ಮತ್ತೆ ಸಾಗಿತು.

ಏಳು ತಿಂಗಳ ಹಿಂದಿನವರೆಗೂ ನಿಯೇವೆಸ್ ದಿನಾ ಹಿನೇಸನ ಸಣ್ಣ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಪ್ರವಾಸಿಗರಿಗೆ ಬೆಟ್ಟದ ಊರುಗಳನ್ನು ತೋರಿಸುತ್ತಿದ್ದಳು. ಅಕ್ಟೋಬರ್‌ನ ಒಂದು ಮಧ್ಯಾಹ್ನ ಬಸ್ಸು ಇಳಿಜಾರಿನ ತಿರುವಿನಲ್ಲಿ ಗುಡ್ಡದ ಬಂಡೆಗೆ ಬಡಿಯಿತು. ಅವಳು ಕೂತಿದ್ದ ಪಕ್ಕ ನುಜ್ಜುಗುಜ್ಜಾಯಿತು. ಹಿಂದೆ ಕೂತಿದ್ದ ಒಂಬತ್ತು ಜನರಿಗೂ ಹೆಚ್ಚೇನೂ ಆಗಲಿಲ್ಲ. ಆ ಹುಡುಗಿಯ ಕೈ ಸ್ಟಿಯರಿಂಗ್ ಮೇಲಿದ್ದದ್ದನ್ನು ನೋಡಿದೆ ಎಂದು ಅವರಲ್ಲೊಬ್ಬ ಪೊಲೀಸರಿಗೆ ಹೇಳಿದ. ಹೌದು, ಅವಳೇ ಎಳೆದಳು ಎಂದ ಹಿನೇಸ್. ಅಷ್ಟೇ ಹೇಳು, ಹೆಚ್ಚಿಗೆ ಬಾಯಿ ಬಿಡಬೇಡ ಎಂದು ವಕೀಲ ಹೇಳಿಕೊಟ್ಟಿದ್ದ. ಉಳಿದದ್ದನ್ನು ಊರೇ ಸೇರಿಸಿಕೊಂಡಿತು. ಹುಡುಗಿ ಡ್ರೈವರನ ಜೊತೆ ಚೆಲ್ಲಾಟವಾಡಲು ಹೋಗಿ ಸತ್ತಳು ಎಂದಿತು.

ಮೊನ್ನೆ ಬೆಳಗ್ಗೆ ಆಗೆದಾ ಮೀನು ಹೆರೆಯುತ್ತಿದ್ದಾಗ ಹಿನೇಸ್ ಬಂದು ಅಡಿಗೆಮನೆಯ ನೆಲದ ಮೇಲೆ ಕೂತ. ಇಪ್ಪತ್ತೇಳರ ಗಂಡಸು ಮೊಣಕಾಲಿಗೆ ತಲೆಯಿಟ್ಟು ಹೇಳಿದ: "ನಾನು ನಿದ್ದೆ ಹೋಗಿದ್ದೆ ಅಮ್ಮಾ." ಆಮೇಲೆ ಎಲ್ಲವನ್ನೂ ಹೇಳಿದ. ಆಗೆದಾ ಮೊದಲು ಮಾಡಿದ ಕೆಲಸವೆಂದರೆ, ಎದ್ದುಹೋಗಿ ಕಿಟಕಿ ಮುಚ್ಚಿದ್ದು. ಅಕ್ಕಪಕ್ಕದವರಿಗೆ ಕೇಳಿಸದಿರಲಿ ಎಂದು. ಎರಡು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಮಗನ ಮಾತಿಗಿಂತ ಹೆಚ್ಚಾಗಿ ಆ ಕಿಟಕಿ.

ನಾಲ್ಕೂಕಾಲಾಯಿತು. ಆಗೆದಾ ತನ್ನ ತಟ್ಟೆಯನ್ನು ತಾನೇ ಎತ್ತಿಕೊಂಡು ಒಳಗಿನ ಅಡಿಗೆಕೋಣೆಗೆ ಹೋದಳು.

"ಅಯ್ಯೋ, ಅಲ್ಲೇ ಬಿಡಿ. ತಿಂದೇ ಇಲ್ವಲ್ಲ! ಉಪ್ಪು ಹೆಚ್ಚಾಯ್ತಾ?"

"ನಾನು ಹಿನೇಸನ ತಾಯಿ."

ಲಿಯೊಕಾದಿಯಾಳ ಕೈಗಳು ತೊಳೆಯುವ ನೀರಿನೊಳಗೆ ಹಾಗೇ ನಿಂತವು. ಅವಳು ಯಾವ ಹಿನೇಸ್ ಎಂದು ಕೇಳಲಿಲ್ಲ. ಬಾಗಿಲತ್ತ ಒಮ್ಮೆ ನೋಡಿ, ಹಲ್ಲು ಕಚ್ಚಿ ಪಿಸುಗುಟ್ಟಿದಳು.

"ಹೊರಡು. ಹಿಂದಿನ ಬಾಗಿಲಿಂದ ಹೊರಡು. ಅವನ ಕೈಲಿ ಏನಿದೆ ನೋಡ್ದೆ ತಾನೆ?"

"ನೋಡ್ದೆ."

"ಕ್ಷಮೆ ಬೇಡೋಕೆ ಬಂದಿದ್ರೆ ಅದು ನನ್ನ ಹತ್ರ ಇಲ್ಲ ಕಣೇ. ಹುಡುಕಿದ್ರೂ ಸಿಗಲ್ಲ."

"ಅದಕ್ಕೆ ಬಂದಿಲ್ಲ." ಆಗೆದಾ ತಟ್ಟೆಯನ್ನು ಕೆಳಗಿಡಲು ಜಾಗ ಹುಡುಕಿ, ಸಿಗದೆ ಎದೆಗವಚಿಕೊಂಡಳು. "ನಿನ್ನ ಮಗಳು ಆಟ ಆಡ್ಲಿಲ್ಲ. ನನ್ನ ಮಗ ನಿದ್ದೆ ಹೋಗಿದ್ದ. ಬೆಳಗಿನ ಜಾವ ನಾಲ್ಕರಿಂದ ಗಾಡಿ ಓಡಿಸಿದ್ದ, ಅದು ಮೂರನೇ ಸಲ ಇಳೀತಾ ಇದ್ದದ್ದು. ಅವನಿಗೆ ಎಚ್ಚರ ಆದಾಗ ಮುಂದೆ ರಸ್ತೇನೇ ಇರಲಿಲ್ಲವಂತೆ, ಬರೀ ಆಕಾಶ. ಇವಳು ಸ್ಟಿಯರಿಂಗ್ ಹಿಡ್ಕೊಂಡು ಎಳೀತಾ ಇದ್ಲು. ಕಣಿವೆ ಕಡೆಯಿಂದ ಗುಡ್ಡದ ಕಡೆಗೆ. ತನ್ನ ಕಡೆಗೆ."

ಲಿಯೊಕಾದಿಯಾ ನೀರಿನಿಂದ ಕೈ ಹೊರತೆಗೆದಳು. ಅವಳ ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಹಿಂದೆ ಕೂತ ಒಂಬತ್ತು ಜನ, ನನ್ನ ಮಗ, ಎಲ್ಲರೂ ಅವಳಿಂದ ಉಳಿದವರು. ಎಳೀದೇ ಇದ್ದಿದ್ರೆ ಒಂದು ನರಪಿಳ್ಳೆಯೂ ಉಳೀತಿರಲಿಲ್ಲ."

"ಇನ್ನೊಂದ್ಸಲ ಹೇಳು."

ಗಂಡುದನಿ. ಕಸಿಮೀರೊ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ಏನೋ. ಚಾಕು ಕೈಯಲ್ಲೇ ಇತ್ತು, ಅಲಗಿನ ಮೇಲೆ ಕೊಬ್ಬು ಹೊಳೆಯುತ್ತಿತ್ತು. ಲಿಯೊಕಾದಿಯಾ ಒದ್ದೆ ಕೈಯಲ್ಲೇ ಇಬ್ಬರ ನಡುವೆ ಬಂದು ನಿಂತಳು.

"ಕಸಿಮೀರೊ, ಅದನ್ನ ಕೆಳಗಿಡು."

"ಇನ್ನೊಂದ್ಸಲ ಹೇಳು ಅಂದೆ."

ಆಗೆದಾ ಮತ್ತೆ ಹೇಳಿದಳು. ಈ ಸಲ ನಾಲಿಗೆ ತಡವರಿಸಿತು, ಮೊದಲಿನದು ಕೊನೆಗೆ ಬಂತು, ಆದರೆ ಏನನ್ನೂ ಬಿಡಲಿಲ್ಲ. ಹೇಳುತ್ತಿದ್ದಷ್ಟು ಹೊತ್ತೂ ಅವಳ ಕಣ್ಣು ಚಾಕುವಿನ ಮೇಲೆಯೇ ಇತ್ತು. ಕೊನೆಕೊನೆಗೆ ಅದರ ತುದಿ ನೆಲದ ಕಡೆಗೆ ಇಳಿಯಿತು.

"ಏಳು ತಿಂಗಳು," ಎಂದ ಕಸಿಮೀರೊ, ಯಾರಿಗೆಂದಿಲ್ಲದೆ. "ಏಳು ತಿಂಗಳಿಂದ ಅವಳ ಹೆಸರು ಎತ್ತಿಲ್ಲ ನಾನು. ಊರವರು ಅಂದದ್ದನ್ನ ನಾನೂ ನಂಬಿದೆ." ಅವನು ಹೆಂಡತಿಯನ್ನು ನೋಡಿದ. "ನೀನು ನಂಬಲಿಲ್ಲ. ಒಂದು ದಿನವೂ ನಂಬಲಿಲ್ಲ."

ಅವನು ಚಾಕುವನ್ನು ತೊಟ್ಟಿಯ ನೀರಿನೊಳಗೆ ಹಾಕಿದ. ನೊರೆಯಡಿ ಅದು ಮುಳುಗಿತು.

"ಅಡಿಗೆಮನೇಲಿ ಹೇಳಿದ್ರೆ ಏನು ಬಂತು? ಇಲ್ಲಿ ಕೇಳೋರು ನಾವಿಬ್ಬರೇ. ಚೌಕಕ್ಕೆ ಬಾ. ಅಲ್ಲಿ ಹೇಳು."

"ಕಸಿಮೀರೊ, ಅವಳೂ ಹೆತ್ತವಳು," ಎಂದಳು ಲಿಯೊಕಾದಿಯಾ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದವಳಂತೆ ಬಾಯಿ ಮುಚ್ಚಿಕೊಂಡಳು.

ಚೌಕಕ್ಕೆ ಇನ್ನೂರು ಹೆಜ್ಜೆ. ಮಗನಿಗೆ ಏನಾಗಬಹುದೆಂದು ಆಗೆದಾ ಬಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು. ಮುಂದಿನ ಗುರುವಾರ ವಿಚಾರಣೆ. ಇವತ್ತು ಇಲ್ಲಿ ಹೇಳಿದರೆ ಅಲ್ಲಿಯೂ ಹೇಳಬೇಕು. ಜೈಲು. ಮತ್ತೆ ಗಾಡಿ ಹತ್ತುವಂತಿಲ್ಲ. ಬಂದರಿನಲ್ಲಿ, ಹೆತ್ತ ಮಗನನ್ನೇ ಮಾರಿದವಳು ಎಂಬ ಹೆಸರು ಅವಳಿಗೆ. ಇವೆಲ್ಲ ಗೊತ್ತಿದ್ದೂ ಕಾಲು ನಡೆಯುತ್ತಿತ್ತು. ಆದರೆ ತನ್ನ ಕಾಲಲ್ಲ, ಯಾರದ್ದೋ ಅನ್ನಿಸುತ್ತಿತ್ತು.

ನೀರಿನ ಚಿಲುಮೆಯ ಸುತ್ತ ನಾಲ್ಕು ಜನ ಡಾಮಿನೊ ಆಡುತ್ತಿದ್ದರು. ಕೊಡ ತುಂಬುತ್ತಿದ್ದ ಇಬ್ಬರು ಹೆಂಗಸರಿದ್ದರು. ಬಸ್ಸು ಆಗಲೇ ಬಂದು ನಿಂತು, ಪ್ರವಾಸಿಗರು ಹತ್ತುತ್ತಿದ್ದರು. ಏಳು ತಿಂಗಳಿಂದ ಚೌಕಕ್ಕೆ ಕಾಲಿಡದ ಕಸಿಮೀರೊ ಬರುವುದನ್ನು ನೋಡಿ ಡಾಮಿನೊ ಸದ್ದು ನಿಂತಿತು.

"ಏನಯ್ಯಾ, ಗುಹೆ ಬಿಟ್ಟು ಕರಡಿ ಹೊರಗೆ ಬಂತು!" ಎಂದ ಮುದುಕ ತೋಬಿಯಾಸ್. ಊರಿನ ಚೇಷ್ಟೆಯ ಮಾತುಗಳೆಲ್ಲ ಮೊದಲು ಅವನ ಬಾಯಿಂದ ಹೊರಟು ಆಮೇಲೆ ಮನೆಮನೆಗೆ ಹೋಗುತ್ತಿದ್ದವು.

"ಇವಳು ಡ್ರೈವರನ ತಾಯಿ," ಎಂದ ಕಸಿಮೀರೊ. "ಏನೋ ಹೇಳ್ತಾಳಂತೆ. ಬಾಯಿ ಮುಚ್ಕೊಂಡು ಕೇಳಿ."

ಆಗೆದಾ ಹೇಳಿದಳು. ಬಂದರಿನಲ್ಲಿ ಮೀನು ಕೂಗಿ ಮಾರಿದ ಗಂಟಲು ಅದು. ಅಡಿಗೆಮನೆಯಲ್ಲಿ ಹೊರಡದ ದನಿ ಇಲ್ಲಿ ಹೊರಟಿತು. ನಿದ್ದೆ ಎಂದಳು, ಕಣಿವೆ ಎಂದಳು, ನಿಯೇವೆಸಳ ಹೆಸರನ್ನು ಮೂರು ಸಲ ಹೇಳಿದಳು. ಮುಗಿದಾಗ ಒಬ್ಬ ಹೆಂಗಸಿನ ಕೊಡ ತುಂಬಿ ಹೊರಚೆಲ್ಲುತ್ತಿತ್ತು, ಅವಳು ತೆಗೆಯಲಿಲ್ಲ.

"ನಾವು ಕೇಳಿದ್ದು ಬೇರೆ..." ಎಂದ ತೋಬಿಯಾಸ್.

"ಕೇಳಿದ್ದಲ್ಲ, ಹೇಳಿದ್ದು," ಎಂದಳು ಲಿಯೊಕಾದಿಯಾ. ಅಷ್ಟು ಹೇಳಿ ಅವಳು ತಿರುಗಿ ಮೇಲಿನ ದಾರಿ ಹಿಡಿದಳು. ಹೋಟೆಲಿನ ಕಡೆಗಲ್ಲ, ಇಗರ್ಜಿಯ ಕಡೆಗೆ. ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಯಾರ ಮುಖವನ್ನೂ ನೋಡಲಿಲ್ಲ.

ಆಗೆದಾಳ ಚೀಲದಲ್ಲಿ ಫೋನು ಗುಂಯ್ಗುಟ್ಟಿತು.

"ಎಲ್ಲಿದ್ದೀಯಮ್ಮಾ? ಮನೆ ಬೀಗ ಹಾಕಿದೆ."

"ಬೆಟ್ಟದ ಮೇಲೆ. ಅವರೂರಲ್ಲಿ."

"ಹೇಳ್ಬಿಟ್ಯಾ?"

"ಹೇಳ್ದೆ. ಎಲ್ಲರ ಮುಂದೆ."

ಅವನು ಬೈಯುತ್ತಾನೆಂದು ಕಾದಳು. ಬೈಯಲಿಲ್ಲ. "ಗುರುವಾರ ನಾನೇ ಹೇಳ್ತೀನಿ," ಎಂದ. "ನೀನು ಪಕ್ಕದಲ್ಲಿ ಕೂತಿರು, ಸಾಕು." ಫೋನು ನಿಂತಿತು.

ಬಸ್ಸಿನವನು ಎರಡು ಸಲ ಹಾರ್ನ್ ಮಾಡಿದ. ಹುಲ್ಲಿನ ಟೋಪಿಯವಳು ಕಿಟಕಿಯಿಂದ ಕೈಬೀಸಿ, ಬನ್ನಿ ಬನ್ನಿ ಎಂದು ಕರೆದಳು. ಆಗೆದಾಳಿಗೆ ಕಾಲು ಕೀಳಲಾಗಲಿಲ್ಲ. ಬಾಗಿಲು ಮುಚ್ಚಿ, ಬಸ್ಸು ಧೂಳೆಬ್ಬಿಸುತ್ತ ಇಳಿಜಾರಿನಲ್ಲಿ ಮರೆಯಾಯಿತು. ಮತ್ತೆ ಬಸ್ಸು ನಾಳೆಯೇ. ಡಾಮಿನೊ ಆಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದುಹೋದರು. ಯಾರೂ ಅವಳನ್ನು ಮಾತಾಡಿಸಲಿಲ್ಲ. ಹತ್ತಿರ ಹಾದುಹೋಗುವಾಗ ಒಬ್ಬ ಹೆಂಗಸು ಮಾತ್ರ ನಡಿಗೆ ನಿಧಾನ ಮಾಡಿದಳು, ನಿಲ್ಲಲಿಲ್ಲ.

ಕೊನೆಗೆ ಅವಳು ಬಂದ ದಾರಿಯಲ್ಲೇ ವಾಪಸು ನಡೆದಳು. ಬೇರೆ ದಾರಿ ಗೊತ್ತಿರಲಿಲ್ಲ. ಹೋಟೆಲಿನ ಬಾಗಿಲು ತೆರೆದಿತ್ತು, ಒಳಗೆ ಹೋಗುವ ಧೈರ್ಯವಾಗದೆ ಬೀದಿಯ ಆಚೆ ಬದಿಯಲ್ಲಿ ನಿಂತಳು. ಕಸಿಮೀರೊ ಒಳಗಿನಿಂದ ಅವಳನ್ನು ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಹುಲ್ಲುಹೆಣಿಗೆಯ ಒಂದು ಕುರ್ಚಿ ಎತ್ತಿಕೊಂಡು ಬಂದು, ಸಂಜೆಬಿಸಿಲು ಬೀಳುತ್ತಿದ್ದ ಗೋಡೆಗೆ ಅದನ್ನು ಒರಗಿಸಿಟ್ಟ. ಅಲ್ಲಾಡಿಸಿ ನೋಡಿ, ಒಂದು ಕಾಲಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟ. ಒಳಗೆ ಹೋದ.

ಆಗೆದಾ ಬೀದಿ ದಾಟಿದಳು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಕೂರದೆ, ಬಹಳ ಹೊತ್ತು ನಿಂತೇ ಇದ್ದಳು.