ಬಂಗಾರೆವ್ವನ ಒಪ್ಪಿಗೆ

೧
ಎಲ್ಲಿಂದ ಶುರು ಮಾಡಲಿ? ಬ್ರಸೆಲ್ಸ್‌ನಿಂದ ಮಾಡಿ ನೋಡಿದೆ: "ಗಾಜಿನ ಕಟ್ಟಡದೊಳಗೆ ಪರಿಣತರ ಸಮಿತಿಯೊಂದು ಕಾಫಿ ಹೀರುತ್ತಾ..." ಸಾಕು, ಹೊಡೆದುಹಾಕಿದೆ. ನಾನು ಬ್ರಸೆಲ್ಸ್ ಕಂಡವಳಲ್ಲ. ನನಗೆ ಗೊತ್ತಿರುವುದು ಡಬ್ಲಿನ್. ಐರ್ಲೆಂಡಿನದಲ್ಲ, ಅಮೆರಿಕದ್ದು, ನಮ್ಮ ಫ್ರೀವೇ ಪಕ್ಕದ್ದು.

೨
ಹಾಗಾದರೆ ಡಬ್ಲಿನ್ನಿನ ಪಾರ್ಕು. ಸಂಜೆ ಇಲ್ಲಿ ಮಕ್ಕಳ ಸ್ಟ್ರೋಲರು ತಳ್ಳುವವರೆಲ್ಲ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಸ್ನೀಕರ್ಸು ಹಾಕಿದ ಅಜ್ಜಿಯರು. ಆರು ತಿಂಗಳು ಹುಡುಗನ ಕಡೆಯವರು, ಆರು ತಿಂಗಳು ಹುಡುಗಿಯ ಕಡೆಯವರು. ಮಗು ಯಾವುದಕ್ಕೆ ಹಟ ಮಾಡುತ್ತದೆ, ಏನು ಹಾಡಿದರೆ ಮಲಗುತ್ತದೆ ಎನ್ನುವುದನ್ನೆಲ್ಲ ಬೀಗಿತ್ತಿ ಬೀಗಿತ್ತಿಗೆ ಫೋನಿನಲ್ಲೇ ದಾಟಿಸುತ್ತಾಳೆ. [ನಮ್ಮ ಮನೆಯಲ್ಲೂ ಹೀಗೇ. ಇಲ್ಲದಿದ್ದರೆ ನಾನು ಕಥೆ ಬರೆದ ಹಾಗೆಯೇ.]

ಇದನ್ನೇ ಉಮಾಶ್ರೀ ಸಂಶೋಧನೆಗೆ ಎತ್ತಿಕೊಂಡಿದ್ದಾಳೆ. ಹೇವರ್ಡ್ ಕ್ಯಾಂಪಸ್ಸಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾಳೆ. ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಕೆಲಸ, ಈ ಚಳಿಗಾಲಕ್ಕೆ ಅದೂ ಮುಗಿಯುತ್ತದೆ. ಬೆಲ್ಜಿಯಮ್ಮಿನಲ್ಲೂ ಕನ್ನಡದ ಮನೆಗಳಿವೆ, ಆದರೆ ಅಲ್ಲಿ ಅಜ್ಜಿಯರಿಗೆ ಮೂರೇ ತಿಂಗಳ ವೀಸಾ. ಎರಡನ್ನೂ ಹೋಲಿಸಿ ನೋಡಿ ಎಂದು ಅಲ್ಲಿನ ವಿಶ್ವವಿದ್ಯಾಲಯವೊಂದು ಜಾಗ ಕೊಡುತ್ತಿದೆ. ಖರ್ಚನ್ನು ಮಾತ್ರ ಯುರೋಪಿನ ಸಾರ್ವಜನಿಕ ಸಂಶೋಧನಾ ನಿಧಿ ಒಪ್ಪಬೇಕು. ಒಪ್ಪದಿದ್ದರೆ? ಗಂಡ ಶಶಿಧರ ರೆಡ್‌ವುಡ್ ಸಿಟಿಯ ತನ್ನ ಆಫೀಸಿನಲ್ಲಿ ಅವಳಿಗೊಂದು ಕೆಲಸ ನೋಡಿಟ್ಟಿದ್ದಾನೆ: ಆ್ಯಪಿನಲ್ಲಿ ಜನ ಯಾವ ಬಟನ್ ಒತ್ತುತ್ತಾರೆ ಎಂದು ಅಧ್ಯಯನ ಮಾಡುವುದು.

"ಯುರೋಪಿನ್ಯಾಗೂ ನಮಗೇನು ಮೊದಲ ಪಂಕ್ತಿ ಅಲ್ಲ," ಎನ್ನುತ್ತಾಳೆ ಉಮಾಶ್ರೀ. "ಬ್ಯಾಟರಿಯವ್ರು, ರೋಬೋಟಿನವ್ರು ಉಂಡು ಎದ್ದ ಮ್ಯಾಲೆ ಸಮಾಜಶಾಸ್ತ್ರದವ್ರಿಗೆ ಎಲಿ. ಆದ್ರ ಎಲಿ ಅಂತೂ ಹಾಕ್ತಾರ."

೩
ಎಡವಿದ್ದು ಅರ್ಜಿಯ ಮೊದಲ ಸಾಲಿನಲ್ಲಿ. "ಅಜ್ಜಿಯರದು ಕೂಲಿಯಿಲ್ಲದ ದುಡಿಮೆ" ಎಂದು ಬರೆದಿದ್ದಳು. ಸಮಿತಿಗೆ ಹಿಡಿಸಿತು, ಸಂದರ್ಶನಕ್ಕೆ ಕರೆಯಿತು. ಖುಷಿಯ ಭರದಲ್ಲಿ ಅದನ್ನು ಅತ್ತೆ ಬಂಗಾರೆವ್ವನಿಗೆ ಓದಿ ಹೇಳಿದಳು. ಪಾರ್ಕಿನ ಅಜ್ಜಿಯರನ್ನೆಲ್ಲ ಮಾತಿಗೆ ಒಪ್ಪಿಸಿದ್ದು ಬಂಗಾರೆವ್ವನೇ.

"ಏನಂದಿ? ದುಡಿಮಿ?" ಅತ್ತೆ ಮೆಂತ್ಯ ಬಿಡಿಸುವುದನ್ನು ನಿಲ್ಲಿಸಿದಳು. "ಏರ್‌ಪೋರ್ಟಿನ್ಯಾಗ ಆ ಸಾಹೇಬಗ ಮೊಮ್ಮಗಳನ್ನ ಮಾತಾಡ್ಸಾಕ ಬಂದೀನಿ ಅಂತ ಹೇಳಿ ಒಳಗ ಬಂದಾಕಿ ನಾ. ನೀ ದುಡಿಯಾಕ ಬಂದಾಳ ಅಂತ ಬರಕೊಟ್ರ, ಮುಂದಿನ ಸಲ ಅಲ್ಲಿಂದನ ಹೊಳ್ಳಿ ಕಳಸ್ತಾರ."

"ಹೆಸರು ಹಾಕಂಗಿಲ್ಲ, ಅತ್ತಿ."

"ಹೆಸರ್ಯಾಕ ಬೇಕು? ಇಡೀ ಪಾರ್ಕಿನ್ಯಾಗ ಇಳಕಲ್ ಸೀರಿ ಉಡಾಕಿ ನಾ ಒಬ್ಬಾಕೀನ. ಮತ್ತ, ನಿಸರ್ಗಾಗ ಉಣಸೂದು ದುಡಿಮಿ ಅಂದ್ರ ನಾ ಈ ಮನ್ಯಾಗ ಆಳೇನು?"

ಮೊಮ್ಮಗಳು ನಿಸರ್ಗ ಐಪ್ಯಾಡಿನಿಂದ ತಲೆಯೆತ್ತಲಿಲ್ಲ. "ಅಜ್ಜಿ, ಯೂ ಶುಡ್ ಗೆಟ್ ಪೇಯ್ಡ್."

"ನೀ ಸುಮ್ನ ಉಣ್ಣು." ಮತ್ತೆ ಸೊಸೆಗೆ: "ನಾ ಒಲ್ಲೆ. ಪಾರ್ಕಿನ ಲಿಂಗಮ್ಮಗೂ, ಉಳದವ್ರಿಗೂ ಒಲ್ಲೆ ಅನ್ನಾಕ ಹೇಳ್ತೀನಿ."

೩, ಇನ್ನೊಮ್ಮೆ
ಅಷ್ಟಕ್ಕೇ ಬಿಡದೆ ಬಂಗಾರೆವ್ವ ಬರೆಯುತ್ತಿದ್ದ ನನ್ನ ಕಡೆಗೂ ತಿರುಗಿದಳು. "ನೀ ಯಾರು? ನೀ ನನ್ನ ಒಂದ್ ಮಾತು ಕೇಳೀಯೇನು?"

"ಕಥೆಗೆ ಯಾರ ಒಪ್ಪಿಗೇನೂ ಬೇಕಿಲ್ಲ, ಅಮ್ಮ. ನಿಮ್ಮನ್ನ ಕಟ್ಟಿದ್ದೇ ನಾನು."

"ಕಟ್ಟಾಕಿ ಕಟ್ಟಿದಿ, ನನಗ ಈ ಮೊಣಕಾಲ ಬ್ಯಾನಿ ಯಾಕ ಇಟ್ಟಿ?"

[ಪಾತ್ರಗಳು ಬಾಯಿ ಮಾಡುವುದು ಸವೆದ ತಂತ್ರ ಎಂದು ನನಗೂ ಗೊತ್ತು, ಓದುಗರೇ. ನೀವೇ ಬಂದು ಅವಳನ್ನು ಸುಮ್ಮನಿರಿಸಿ ನೋಡಿ.]

೫
(ನಾಲ್ಕನೆಯದನ್ನು ಕೈಬಿಟ್ಟಿದ್ದೇನೆ. ಅದರಲ್ಲಿ ಶಶಿಧರ ಎಲ್ಲವನ್ನೂ ಸರಿಮಾಡಿಬಿಡುತ್ತಿದ್ದ.)

ಸಂದರ್ಶನ. ಉಮಾಶ್ರೀ ಊಟದ ಟೇಬಲ್ಲಿನಲ್ಲಿ, ಸಮಿತಿ ಲ್ಯಾಪ್‌ಟಾಪಿನಲ್ಲಿ, ಬಂಗಾರೆವ್ವ ಅಡುಗೆಮನೆಯ ಬಾಗಿಲಲ್ಲಿ. ಅಧ್ಯಕ್ಷೆ ನೇರವಾಗಿ ಕೇಳಿದಳು: "ಇದು ದುಡಿಮೆ ಹೌದೋ, ಅಲ್ಲವೋ?"

ಒಂದನೆಯ ಅಂತ್ಯ: ಹೌದು ಎನ್ನುತ್ತಾಳೆ. ನಿಧಿ ಸಿಗುತ್ತದೆ. ಡಬ್ಲಿನ್ನಿನ ಒಬ್ಬ ಅಜ್ಜಿಯೂ ಅವಳ ಫೋನ್ ಎತ್ತುವುದಿಲ್ಲ.

ಇನ್ನೊಂದು ಅಂತ್ಯ: ಅಲ್ಲ ಎನ್ನುತ್ತಾಳೆ. ಅಜ್ಜಿಯರು ಉಳಿಯುತ್ತಾರೆ, ಉಮಾಶ್ರೀ ಬಟನ್ ಲೆಕ್ಕಕ್ಕೆ ಹೋಗುತ್ತಾಳೆ.

ಎರಡಕ್ಕೂ ಅವಳು ಒಪ್ಪಲಿಲ್ಲ. ನನ್ನನ್ನು ಬದಿಗೆ ಸರಿಸಿ ತಾನೇ ಮಾತಾಡಿದಳು, ಇಂಗ್ಲಿಷಿನಲ್ಲಿ:

"ನಾನು ದುಡಿಮೆ ಎಂದು ಬರೆದೆ. ನಮ್ಮತ್ತೆ ಅಲ್ಲ ಎಂದರು, ಒಲ್ಲೆ ಎಂದರು. ಅವರಿಗೆ ವೀಸಾದ ಭಯವಿದೆ, ಅದಕ್ಕಿಂತ ದೊಡ್ಡದಾಗಿ ಮರ್ಯಾದೆಯ ಪ್ರಶ್ನೆಯಿದೆ. ಮೊದಲ ಸಾಲನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಉತ್ತರ ಗೊತ್ತಿದ್ದರೆ ನಿಮ್ಮ ಜನರ ತೆರಿಗೆ ದುಡ್ಡನ್ನು ಯಾಕೆ ಕೇಳುತ್ತಿದ್ದೆ? ಇದನ್ನು ಏನೆಂದು ಕರೆಯಬೇಕೆಂದು ಅಜ್ಜಿಯರ ಜೊತೆ ಕೂತೇ ಕಂಡುಕೊಳ್ಳಬೇಕು."

"ಅವರು ಒಪ್ಪದಿದ್ದರೆ?"

"ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಎಂದು ಬರೆಯುತ್ತೇನೆ. ಅವರು ಬರೆಯಲು ಬಿಟ್ಟಷ್ಟು ಮಾತ್ರ."

ಅಧ್ಯಕ್ಷೆ ಪೆನ್ನು ಕೆಳಗಿಟ್ಟಳು. ಅದು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಕಷ್ಟ.

೬
ನಿಧಿ ಸಿಕ್ಕಿತೇ? ನನಗೆ ಗೊತ್ತು. ಹೇಳುವುದಿಲ್ಲ. ಲ್ಯಾಪ್‌ಟಾಪು ಮುಚ್ಚಿದ ಮೇಲೆ ಆದದ್ದನ್ನು ಮಾತ್ರ ಹೇಳುತ್ತೇನೆ.

"ಏನಂದಿ ಅವ್ರಿಗೆ?"

"ನೀವು ಬೈದದ್ದನ್ನ ಹೇಳ್ದೆ, ಅತ್ತಿ. ನಾ ಬರದದ್ದು ಹೊಳ್ಳಿ ತಗೊಂಡೆ."

"ನನ್ನ ಮಾತು ಅಲ್ಲೀತನ ಮುಟ್ಟಿಸಿದಿ?" ಬಂಗಾರೆವ್ವ ಕುರ್ಚಿ ಎಳೆದು ಎದುರಿಗೆ ಕೂತಳು. "ಹಂಗಾರ ಮೊದಲ ನಾ ಕೇಳ್ತೀನಿ, ಆಮ್ಯಾಲೆ ನೀ. ದಿನಾ ಮುಂಜಾನೆ ಮಗಳನ್ನ ನನ್ನ ಕೈಯಾಗ ಕೊಟ್ಟು ಹೊಳ್ಳಿ ನೋಡದೆ ಕಾರ್ ಹತ್ತತೀಯಲ್ಲ, ಅದಕ್ಕ ನಿಮ್ಮ ಶಾಸ್ತ್ರದಾಗ ಏನಂತಾರ?"

ಉಮಾಶ್ರೀಯ ಬೆರಳು ಫೋನಿನ ರೆಕಾರ್ಡರನ್ನು ಒತ್ತಿತು.

"ಅದನ್ನ ಬಂದ್ ಮಾಡು. ಒಪ್ಪೀನಿ ಅಂದಿಲ್ಲ ಇನ್ನ."

ಮಾಡಿದಳು. ಬಂಗಾರೆವ್ವ ನನ್ನ ಪೆನ್ನಿನ ಕಡೆ ನೋಡಿದಳು.

"ನಿನಗೂ ಹೇಳಿದ್ದು."